ನಂಬರಿನ ಹಿಂದೆ ಒಂದು ಜೀಪು ಬೇಕು

ಚಿಕ್ಕಮಗಳೂರು ಜಿಲ್ಲೆಯ ಐವರು ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಮೂಡಿಗೆರೆ, ಚಿಕ್ಕಮಗಳೂರು, ಶೃಂಗೇರಿ, ತರೀಕೆರೆ, ಕಡೂರು, ಈ ಐದು ಕ್ಷೇತ್ರಗಳ ನಿಮ್ಮೆಲ್ಲರಿಗೂ ಸೇರಿಸಿ ಬರೆಯುತ್ತಿರುವ ಕಾಗದ ಇದು. ನಾನು ಮೂಡಿಗೆರೆಯವನು. ಮೂವತ್ತೊಂದು ವರ್ಷ ದೂರವಾಣಿ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತನಾದೆ. ಕೊಟ್ಟಿಗೆಹಾರದಿಂದ ಕಳಸದವರೆಗೆ ಯಾವ ತಿರುವಿನಲ್ಲಿ ಕಂಬ ಇತ್ತು, ಯಾವ ಹಲಸಿನ ಮರ ಪ್ರತಿ ಆಷಾಢಕ್ಕೂ ತಂತಿಯ ಮೇಲೆ ಕೊಂಬೆ ಕೆಡವುತ್ತಿತ್ತು ಎನ್ನುವುದು ನನಗೆ ಇಂದಿಗೂ ಬಾಯಿಪಾಠ. ಮಳೆಗಾಲದಲ್ಲಿ ಫೋನು ಡೆಡ್ ಆದರೆ ಜನ ಎಕ್ಸ್‌ಚೇಂಜಿಗೆ ಬಂದು ಕೂರುತ್ತಿದ್ದರು. ವ್ಯಾಪಾರಕ್ಕೆ ತೊಂದರೆಯಾಯಿತು ಎಂದು ಬಂದವರನ್ನು ನಾನು ನೋಡಿದ್ದು ಕಡಿಮೆ. ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು: "ರಾತ್ರಿ ಹೊತ್ತು ಏನಾದ್ರೂ ಆದ್ರೆ ಯಾರಿಗೆ ಹೇಳೂದು ಮಾರಾಯ್ರೇ?"

ಆ ಪ್ರಶ್ನೆಯನ್ನೇ ಈಗ ನಾನು ನಿಮ್ಮ ಮುಂದೆ ಇಡುತ್ತಿದ್ದೇನೆ. ಬಜೆಟ್ಟಿಗೆ ಮುಂಚೆ ನಿಮ್ಮನ್ನು ಕೂರಿಸಿ ಜಿಲ್ಲೆಗೆ ಏನು ಬೇಕು ಎಂದು ಕೇಳುತ್ತಾರಲ್ಲ, ಆ ಸಭೆಗೆ ಹೋಗುವಾಗ ಈ ಕಾಗದ ನಿಮ್ಮ ಜೇಬಿನಲ್ಲಿರಲಿ ಎನ್ನುವುದು ನನ್ನ ಆಸೆ.

2024ರ ಜುಲೈ ಮೂರನೆಯ ವಾರ. ಆ ಮಳೆ ನಿಮಗೂ ನೆನಪಿರಬೇಕು. ಕಳಸದಾಚೆ ನನ್ನ ಅಕ್ಕನ ಮನೆ. ಭಾನುವಾರ ಅಕ್ಕ ಫೋನು ಮಾಡಿ, "ಭಾವ ಮಾತೇ ಆಡ್ತಿಲ್ಲ ಕಣೋ, ನೀನೊಂದು ಸಲ ಬಂದು ಹೋಗು" ಅಂದಿದ್ದಳು. ನಾನು ಬುಧವಾರ ಹೋದೆ. ಮೂರು ದಿನದಿಂದ ಕರೆಂಟಿರಲಿಲ್ಲ. ಭಾವ ಅಂದರೆ ನಮ್ಮ ಕಡೆ ತಾಳಮದ್ದಲೆಯಲ್ಲಿ ಅರ್ಥ ಹೇಳುವವರು. ಕರ್ಣನ ಪಾತ್ರಕ್ಕೆ ಕೂತರೆ ಎದುರಿನ ಕೃಷ್ಣನಿಗೆ ಬೆವರು ಬರಿಸುತ್ತಿದ್ದ ಮನುಷ್ಯ. ಅವತ್ತು ಜಗಲಿಯಲ್ಲಿ ಕೂತು ಮಳೆ ನೋಡುತ್ತಿದ್ದರು. ನಾನು ಬಂದದ್ದಕ್ಕೆ ಒಮ್ಮೆ ತಲೆ ಎತ್ತಿದರು, ಅಷ್ಟೆ.

ಮೂರು ಎಕರೆ ಅಡಿಕೆ, ಒಂದು ಎಕರೆ ಕಾಫಿ ಅವರದು. ಎಲೆಚುಕ್ಕಿ ರೋಗ ಬಂದು ನಾಲ್ಕು ವರ್ಷ ಆಗಿತ್ತು. ಇಪ್ಪತ್ತು ಕ್ವಿಂಟಾಲ್ ಬರುತ್ತಿದ್ದ ತೋಟ ಐದಕ್ಕೆ ಇಳಿದಿತ್ತು. ಮಗ ಬೆಂಗಳೂರಿನಲ್ಲಿ. ಬ್ಯಾಂಕಿನಿಂದ ಬಂದ ಎರಡು ನೋಟೀಸನ್ನು ದೇವರ ಪಟದ ಹಿಂದೆ ಸಿಕ್ಕಿಸಿ ಇಟ್ಟಿದ್ದರು. ಅದು ಅಕ್ಕನಿಗೂ ಗೊತ್ತಿರಲಿಲ್ಲ.

ಗುರುವಾರ ರಾತ್ರಿ ಊಟಕ್ಕೆ ಕೂತಾಗ ಭಾವ ತಮ್ಮ ಕೈಗಡಿಯಾರ ಬಿಚ್ಚಿ ಅಕ್ಕನ ಬಟ್ಟಲಿನ ಪಕ್ಕ ಇಟ್ಟರು. ಜಾಗದ ಕಾಗದ ಪತ್ರ ಯಾವ ಪೆಟ್ಟಿಗೆಯಲ್ಲಿದೆ ಎಂದು ಹೇಳಿದರು. ಹೇಳಿ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನನಗೆ ಅರ್ಥವಾಗಲು ಅರ್ಧ ಗಂಟೆ ಬೇಕಾಯಿತು. ಅಕ್ಕನಿಗೆ ಅಷ್ಟು ಬೇಕಾಗಲಿಲ್ಲ. "ಏನಾದ್ರೂ ಮಾಡೋ ತಮ್ಮಾ" ಅಂದಳು.

ಅವರ ಮನೆಯಲ್ಲಿ ಸಿಗ್ನಲ್ ಸಿಗುವುದಿಲ್ಲ. ಮನೆಯಿಂದ ಅರ್ಧ ಕಿಲೋಮೀಟರು ಗುಡ್ಡ ಹತ್ತಿದರೆ ಒಂದು ಬಂಡೆ ಇದೆ. ಊರಿನವರು ಅದನ್ನು ಸಿಗ್ನಲ್ ಕಲ್ಲು ಅನ್ನುತ್ತಾರೆ. ಅದರ ಮೇಲೆ ನಿಂತರೆ ಎರಡು ಕಡ್ಡಿ. ಬಾಗಿಲ ಬಳಿ ಕೂತು ಮಾತಾಡುತ್ತಲೇ ಇರು ಎಂದು ಅಕ್ಕನಿಗೆ ಹೇಳಿ, ಟಾರ್ಚು ಕೊಡೆ ಹಿಡಿದು ಹತ್ತಿದೆ. ಕಾಲಿನ ತುಂಬ ಇಂಬಳ. ಒಂದು ಕಾಲದಲ್ಲಿ ಈ ಇಡೀ ಸೀಮೆಗೆ ಫೋನು ಎಳೆದವನು ನಾನು. ಅವತ್ತು ಕಲ್ಲಿನ ಮೇಲೆ ನಿಂತು ಯಾರಿಗೆ ಮಾಡಲಿ ಎಂದು ತೋಚಲಿಲ್ಲ. ಆರೋಗ್ಯ ಕೇಂದ್ರದ ಗೋಡೆಯ ಮೇಲೆ ನೋಡಿದ್ದ ನಂಬರ್ ಹೇಗೋ ನೆನಪಿಗೆ ಬಂತು. 14416.

ಒಬ್ಬ ಹೆಣ್ಣುಮಗಳು ಎತ್ತಿದಳು. ಅಚ್ಚ ಕನ್ನಡ. ಗಾಬರಿಯಲ್ಲಿ ನಾನು ಏನೇನೋ ಹೇಳುತ್ತಿದ್ದೆ. ಅವಳು ಅವಸರ ಮಾಡಲಿಲ್ಲ. ಈಗ ಅವರ ಹತ್ತಿರ ಯಾರಿದ್ದಾರೆ ಎಂದು ಕೇಳಿದಳು. ತೋಟದ ಔಷಧಿ ಇಡುವ ಕೋಣೆಗೆ ಬೀಗ ಇದೆಯಾ, ಕೀ ಯಾರ ಹತ್ತಿರ ಇದೆ ಎಂದು ಕೇಳಿದಳು. "ಮೊದಲು ಹೋಗಿ ಕೀ ನಿಮ್ಮ ಜೇಬಿಗೆ ಹಾಕ್ಕೊಳ್ಳಿ. ಆಮೇಲೆ ಅವರನ್ನ ನೇರವಾಗಿ ಕೇಳಿ, ಸಾಯಬೇಕು ಅನ್ನಿಸ್ತಿದೆಯಾ ಅಂತ. ಕೇಳಿದ್ರೆ ಇಲ್ಲದ ಯೋಚನೆ ಹುಟ್ಟುತ್ತೆ ಅಂತ ಹೆದರಬೇಡಿ. ಹಾಗಾಗೋದಿಲ್ಲ. ಬುದ್ಧಿ ಹೇಳೋಕೆ ಹೋಗ್ಬೇಡಿ, ಅವರು ಹೇಳಿದ್ದನ್ನ ಕೇಳಿಸ್ಕೊಳ್ಳಿ." ಅಷ್ಟರಲ್ಲಿ ಕಡ್ಡಿ ಹೋಯಿತು. ಮತ್ತೆ ಹಚ್ಚಿದೆ, ಇನ್ನೊಂದು ದನಿ, ಅಷ್ಟೇ ತಾಳ್ಮೆ. ಮತ್ತೆ ಮಳೆ ಜೋರಾಯಿತು, ಮತ್ತೆ ಕಡಿಯಿತು. ಮೂರನೆಯ ಸಲ ಸಿಗಲೇ ಇಲ್ಲ. ನಾನು ಇಳಿದು ಓಡಿದೆ.

ಆ ಮಗಳು ಹೇಳಿದ ಮಾತನ್ನೇ ಬಾಗಿಲಿನಾಚೆಯಿಂದ ಕೇಳಿದೆ. "ಭಾವ, ಸಾಯಬೇಕು ಅನ್ನಿಸ್ತಿದೆಯಾ?" ಅರವತ್ತು ದಾಟಿದ ಗಂಡಸಿಗೆ, ಅದೂ ಅಕ್ಕನ ಗಂಡನಿಗೆ, ಇಂಥ ಪ್ರಶ್ನೆ ಕೇಳಿ ನಮಗೆ ಅಭ್ಯಾಸವಿಲ್ಲ. ನಾಲಗೆ ಏಳಲಿಲ್ಲ, ಎಳೆದು ಎಬ್ಬಿಸಿದೆ. ತುಂಬ ಹೊತ್ತು ಸದ್ದಿಲ್ಲ. ಆಮೇಲೆ ಒಳಗಿನಿಂದ ಅಳು ಕೇಳಿತು. ಒಂದು ಗಂಟೆ ಸುಮಾರಿಗೆ ಬಾಗಿಲು ತೆಗೆದರು.

ಬೆಳಗಾಗುವವರೆಗೆ ಚಿಮಣಿ ದೀಪದ ಮುಂದೆ ಮೂವರೂ ಕೂತೆವು. ಬೆಳಿಗ್ಗೆ ಪಕ್ಕದ ಮನೆಯ ಜೀಪಿನಲ್ಲಿ ಒಂದು ಸರ್ಕಾರಿ ಆಸ್ಪತ್ರೆಗೆ ಹೋದೆವು. ಹೆಸರು ಬೇಡ, ಅಲ್ಲಿದ್ದ ಡಾಕ್ಟರು ಒಳ್ಳೆಯವರೇ, ಬಿಪಿ ನೋಡಿದರು, ಬೆನ್ನು ತಟ್ಟಿದರು. "ಮನಸ್ಸಿನ ಡಾಕ್ಟ್ರು ಮಂಗಳವಾರ ಬರ್ತಾರೆ, ಅವತ್ತು ಕರ್ಕೊಂಡು ಬನ್ನಿ" ಅಂದರು. ಅವತ್ತು ಶುಕ್ರವಾರ.

ಶುಕ್ರವಾರ, ಶನಿವಾರ, ಭಾನುವಾರ, ಸೋಮವಾರ. ನಾಲ್ಕು ರಾತ್ರಿ ನಾನು, ಅಕ್ಕ ಪಾಳಿ ಹಾಕಿಕೊಂಡು ಎಚ್ಚರ ಇದ್ದೆವು. ಸಣ್ಣ ಸದ್ದಾದರೂ ಎದೆ ಹಾರುತ್ತಿತ್ತು. ಔಷಧಿ ಕೋಣೆಯ ಕೀ ನನ್ನ ಅಂಗಿಯ ಒಳಜೇಬಿನಲ್ಲೇ ಇತ್ತು. ಮಲಗಿದಾಗಲೂ ಅಂಗಿ ಬಿಚ್ಚಲಿಲ್ಲ.

ಭಾವ ಈಗ ಚೆನ್ನಾಗಿದ್ದಾರೆ. ಮಾತ್ರೆ ತೆಗೆದುಕೊಂಡರು, ತಿಂಗಳಿಗೊಮ್ಮೆ ತೋರಿಸಿಕೊಂಡರು, ಬ್ಯಾಂಕಿನವರ ಜೊತೆ ಮಗ ಕೂತು ಮಾತಾಡಿದ. ತಾಳಮದ್ದಲೆಗೆ ಮತ್ತೆ ಕೂರುತ್ತಿದ್ದಾರೆ. ಈ ಕಾಗದವನ್ನು ಮೊದಲು ಓದಿದವರು ಅವರೇ. "ನನ್ನ ಹೆಸರೊಂದು ಬಿಟ್ಟು ಎಲ್ಲ ಬರಿ" ಅಂದರು.

ಆ ನಾಲ್ಕು ರಾತ್ರಿಗಳಿಗೆ ಸರ್ಕಾರ ದುಡ್ಡು ಇಡಬೇಕು ಎಂದು ಕೇಳುವುದಕ್ಕೇ ನಾನು ಬರೆಯುತ್ತಿರುವುದು.

ನಂಬರ್ ಬಗ್ಗೆ ನನಗೆ ದೂರಿಲ್ಲ, ಕೃತಜ್ಞತೆ ಇದೆ. 14416 ಅಂದರೆ ಟೆಲಿ ಮಾನಸ್. 2022ರ ಕೇಂದ್ರ ಬಜೆಟ್ಟಿನಲ್ಲಿ ಘೋಷಣೆಯಾಗಿ, ಅದೇ ವರ್ಷ ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರುವಾಯಿತು. ಇಡೀ ದೇಶಕ್ಕೆ ಅದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಹಗಲು ರಾತ್ರಿ ಇರುತ್ತದೆ, ಕಾಸು ಕೊಡಬೇಕಾಗಿಲ್ಲ, ಇಪ್ಪತ್ತು ಭಾಷೆಯಲ್ಲಿ ಮಾತಾಡುತ್ತಾರೆ. 2024ರ ಅಕ್ಟೋಬರಿನಲ್ಲಿ ಅದಕ್ಕೆ ಆ್ಯಪ್ ಬಂತು. ವಿಡಿಯೊದಲ್ಲಿ ಮಾತಾಡುವ ಸೌಲಭ್ಯವನ್ನು ಮೊದಲು ಕೊಟ್ಟ ಮೂರು ಕಡೆಗಳಲ್ಲಿ ಕರ್ನಾಟಕವೂ ಒಂದು. ಆದರೆ ಸಿಗ್ನಲ್ ಕಲ್ಲಿನ ಮೇಲೆ ದನಿಯೇ ತುಂಡು ತುಂಡಾಗಿ ಬರುವಾಗ ವಿಡಿಯೊ ಎಲ್ಲಿಂದ ಬರಬೇಕು?

ದುಡ್ಡಿನ ಲೆಕ್ಕ ನೋಡಿ. ಕೇಂದ್ರ ಈ ಕಾರ್ಯಕ್ರಮಕ್ಕೆ ಮೊದಲ ವರ್ಷ ಸುಮಾರು 121 ಕೋಟಿ ಇಟ್ಟಿತು, 2023-24ರ ಬಜೆಟ್ಟಿನಲ್ಲಿ ಸುಮಾರು 134 ಕೋಟಿ. 2024-25ಕ್ಕೆ ಅದು 90 ಕೋಟಿಗೆ ಇಳಿಯಿತು, 2025-26ಕ್ಕೆ ಸುಮಾರು 80. ಕರೆ ಮಾಡುವವರು ಲಕ್ಷ ಲಕ್ಷ ಹೆಚ್ಚುತ್ತಾ ಹೋದ ವರ್ಷಗಳಲ್ಲೇ ಹಣ ಇಳಿದಿದೆ. ಇದು ನೂರನಲವತ್ತು ಕೋಟಿ ಜನರಿಗೆ ಇಟ್ಟ ಮೊತ್ತ. ಕೇಂದ್ರದವರನ್ನು ಕೇಳಿ ಎಂದು ನೀವು ಹೇಳಬಹುದು. ಆದರೆ ಆರೋಗ್ಯ ರಾಜ್ಯದ ಪಟ್ಟಿಯಲ್ಲಿರುವ ವಿಷಯ. ಬೆಂಗಳೂರಿನಲ್ಲಿ ಕೂತ ದನಿ ನಮ್ಮ ಗುಡ್ಡ ಹತ್ತಿ ಬರಲಾರದು. ಹತ್ತಿ ಬರುವವರನ್ನು ನೇಮಿಸುವ ಕೆಲಸ ಇಲ್ಲಿಂದಲೇ ಆಗಬೇಕು.

ಫೋನು ರಿಪೇರಿ ಮಾಡಿದವನಾಗಿ ಒಂದು ಮಾತು ಹೇಳುತ್ತೇನೆ. ಎಕ್ಸ್‌ಚೇಂಜ್ ಎಷ್ಟೇ ದೊಡ್ಡದಿರಲಿ, ಕೊನೆಯ ಕಂಬದಿಂದ ಮನೆಗೆ ಎಳೆದ ತಂತಿ ಕಡಿದಿದ್ದರೆ ಆ ಮನೆಗೆ ಫೋನಿಲ್ಲ. ಸಹಾಯವಾಣಿಯ ಕೊನೆಯ ತಂತಿ ಒಬ್ಬ ಮನುಷ್ಯ. ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿ, "ನಾನು ಆಸ್ಪತ್ರೆಯಿಂದ ಬಂದಿದ್ದೇನೆ, ಇವತ್ತು ನೀವು ಮಲಗಿ, ನಾನು ಇವರ ಹತ್ತಿರ ಕೂತಿರ್ತೇನೆ" ಅನ್ನುವವರು.

ಇಂಥದ್ದು ನಮ್ಮ ಜಿಲ್ಲೆಯಲ್ಲಿ ಆಗದ ಮಾತೇ? ಆನೆಯ ವಿಷಯದಲ್ಲಿ ಆಗಿದೆಯಲ್ಲ. 2022ರ ನವೆಂಬರಿನಲ್ಲಿ ಕುಂದೂರು ಕಡೆ ಆನೆ ತುಳಿತಕ್ಕೆ ಜೀವ ಹೋಗಿ ಜನ ರೊಚ್ಚಿಗೆದ್ದ ದಿನಗಳು ನಿಮಗೆ ಗೊತ್ತು. ಅದೇ ತಿಂಗಳು ಸರ್ಕಾರ ಚಿಕ್ಕಮಗಳೂರು, ಹಾಸನ, ಕೊಡಗು, ಮೈಸೂರು ಜಿಲ್ಲೆಗಳಿಗೆ ಆನೆ ಕಾರ್ಯಪಡೆ ಮಾಡುವುದಾಗಿ ಹೇಳಿತು, ಮಾಡಿತು. ಇವತ್ತು ಮೂಡಿಗೆರೆಯಲ್ಲಿ ಆನೆ ಯಾವ ತೋಟದಲ್ಲಿದೆ ಎಂದು ಬೆಳಿಗ್ಗೆ ಕಾಫಿ ಕುಡಿಯುವುದರೊಳಗೆ ಮೊಬೈಲಿಗೆ ಬರುತ್ತದೆ. ಫೋನು ಮಾಡಿದರೆ ಜೀಪು ಬರುತ್ತದೆ. ಜೀಪಿನಲ್ಲಿ ಹಾದಿ ಗೊತ್ತಿರುವ ಹುಡುಗರು ಇರುತ್ತಾರೆ, ರಾತ್ರಿಯಿಡೀ ಟಾರ್ಚು ಹಿಡಿದು ಓಡಾಡುತ್ತಾರೆ. ಕಾರ್ಯಪಡೆ ಬಂದ ಮೇಲೂ ಸಾವು ಪೂರ್ತಿ ನಿಂತಿಲ್ಲ, ಹಾಗೆಂದು ಆ ಜೀಪು ವಾಪಸು ಕಳಿಸಿ ಎಂದು ಯಾರೂ ಹೇಳಿಲ್ಲ. ಇನ್ನೂ ನಾಲ್ಕು ಜನ ಕೊಡಿ ಎಂದೇ ಕೇಳುತ್ತಿದ್ದೇವೆ.

ಆನೆಯಿಂದ ಸತ್ತವರ ಹೆಸರು ನಮಗೆಲ್ಲ ಗೊತ್ತಿರುತ್ತದೆ. ತಾವಾಗಿ ಜೀವ ಕಳೆದುಕೊಂಡವರ ಹೆಸರನ್ನು ಊರು ಮೆಲ್ಲಗೆ ಮರೆಯುತ್ತದೆ, ಮನೆಯವರೂ ಹೊಟ್ಟೆನೋವು ಅನ್ನುತ್ತಾರೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಂತೆ 2022ರಲ್ಲಿ ಕರ್ನಾಟಕದಲ್ಲಿ ಹೀಗೆ ಹೋದವರು 13,606 ಮಂದಿ. ದಿನಕ್ಕೆ ಮೂವತ್ತೇಳು. ಅದೇ ವರ್ಷ ದೇಶದಲ್ಲಿ ಹೀಗೆ ಹೋದ 1,70,924 ಜನರಲ್ಲಿ ನಾಲ್ಕರಲ್ಲೊಬ್ಬರಿಗಿಂತ ಹೆಚ್ಚು ಮಂದಿ ದಿನಗೂಲಿಯವರು. ನಮ್ಮ ತೋಟಗಳ ಕೂಲಿಯವರ ಲೈನ್ ಮನೆಗಳಲ್ಲಿ ಇರುವವರು ಯಾರು ಎಂದು ನಾನು ನಿಮಗೆ ಹೇಳಬೇಕಾಗಿಲ್ಲ.

2019 ನೆನಪಿಸಿಕೊಳ್ಳಿ. ಜುಲೈ 31ರ ಸಂಜೆ ಚೇತನಹಳ್ಳಿ ಎಸ್ಟೇಟಿನಲ್ಲಿ ಕಾಫಿ ಡೇ ಕಟ್ಟಿದ ವಿ.ಜಿ. ಸಿದ್ಧಾರ್ಥ ಅವರ ಅಂತ್ಯಕ್ರಿಯೆ ಆಯಿತು. ಕಾಫಿ ಸೀಮೆಗೆ ಸೀಮೆಯೇ ಅಲ್ಲಿ ನಿಂತು ಅತ್ತಿತು. ಇನ್ನೂ ಹತ್ತು ದಿನ ಕಳೆದಿರಲಿಲ್ಲ, ಆಗಸ್ಟ್ 9ರ ಮಳೆಗೆ ಮಲೆಮನೆ, ಮಧುಗುಂಡಿ ಕಡೆ ಗುಡ್ಡಗಳು ಜಾರಿ ಮನೆ, ತೋಟ, ಗದ್ದೆ ಮಣ್ಣಿನಡಿ ಹೋದವು. ಸಾಲದ ಬಗ್ಗೆ ಮಾತಾಡಿದೆವು, ಬದಲಿ ಜಾಗದ ಬಗ್ಗೆ ಮಾತಾಡಿದೆವು. ಬಿದ್ದ ಮನೆ ಎಷ್ಟು, ಹೋದ ಎಕರೆ ಎಷ್ಟು ಎಂದು ಪಟ್ಟಿಯಾಯಿತು. ಮಳೆ ಸದ್ದು ಕೇಳಿದರೆ ಇಂದಿಗೂ ಎದ್ದು ಕೂರುವವರ ಪಟ್ಟಿ ಆಗಲಿಲ್ಲ. ಕಾಫಿಗೆ ಈಗ ದರ ಬಂದಿದೆ, ಇನ್ನೇನು ಚಿಂತೆ ಎಂದು ಕೆಲವರು ಕೇಳುತ್ತಾರೆ. ದರ ಬಂದದ್ದು ಫಸಲು ಇದ್ದವರಿಗೆ. ಸಾಲ ವಸೂಲಿಯ ಸರ್ಫೇಸಿ ಕಾಯ್ದೆಯಲ್ಲಿ ತೋಟ ಹರಾಜಿಗೆ ಬಂದವರು, ಹಳದಿ ಎಲೆ, ಎಲೆಚುಕ್ಕಿಯಲ್ಲಿ ಅಡಿಕೆ ಕಳೆದುಕೊಂಡವರು ಪೇಟೆಯಲ್ಲಿ ಕಾಫಿಯ ದರ ಕೇಳಿ ಇನ್ನಷ್ಟು ಕುಗ್ಗುತ್ತಾರೆ.

ನಮ್ಮ ರಾಜ್ಯಕ್ಕೆ ಈ ಕೆಲಸ ಹೊಸದೂ ಅಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂದು ಇಡೀ ದೇಶ ಇವತ್ತು ನಡೆಸುತ್ತಿರುವುದು ಹುಟ್ಟಿದ್ದೇ ಬಳ್ಳಾರಿಯಲ್ಲಿ. 1980ರ ದಶಕದ ನಡುವಿನಿಂದ ನಿಮ್ಹಾನ್ಸಿನವರು ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ದಾದಿಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಕಲಿಸಿ, ಮನಸ್ಸಿನ ಕಾಯಿಲೆಗೆ ಹಳ್ಳಿಯಲ್ಲೇ ಮದ್ದು ಸಿಗುವಂತೆ ಮಾಡಿ ತೋರಿಸಿದರು. ಅದನ್ನು ನೋಡಿ ಕೇಂದ್ರ 1996ರಲ್ಲಿ ದೇಶಕ್ಕೆ ಹಬ್ಬಿಸಿತು. ನಮ್ಮ ಮಲೆನಾಡಿನದೇ ತೀರ್ಥಹಳ್ಳಿಯಲ್ಲಿ 2005ರ ಸುಮಾರಿಗೆ ನಿಮ್ಹಾನ್ಸ್ ತಾಲ್ಲೂಕಿಗೆ ತಾಲ್ಲೂಕೇ ಹಿಡಿದು, ಸ್ಕಿಜೋಫ್ರೇನಿಯಾ ಇರುವವರನ್ನು ಮನೆ ಮನೆಗೆ ಹೋಗಿ ಗುರುತಿಸಿ, ವರ್ಷಗಟ್ಟಲೆ ಬೆನ್ನು ಬಿಡದೆ ನೋಡಿಕೊಂಡಿತು. ನಮ್ಮಂಥದೇ ಗುಡ್ಡ, ನಮ್ಮಂಥದೇ ಮಳೆ. ಅಲ್ಲಿ ನಡೆದದ್ದು ಮೂಡಿಗೆರೆಯಲ್ಲೂ ನಡೆಯುತ್ತದೆ. 2014ರಲ್ಲಿ ರಾಜ್ಯ ಸರ್ಕಾರ ಮನೋಚೈತನ್ಯ ಎಂದು ಶುರುಮಾಡಿ ಮಂಗಳವಾರ ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗೆ ಕಳಿಸುವ ಏರ್ಪಾಡು ಮಾಡಿತು. ಅದು ಬಹಳ ದೊಡ್ಡ ಉಪಕಾರ, ನಮ್ಮ ಭಾವ ಬದುಕಿರುವುದಕ್ಕೆ ಆ ಮಂಗಳವಾರವೂ ಕಾರಣ. ಆದರೆ ಎದೆಯೊಳಗಿನ ಸಂಕಟ ವಾರ ನೋಡಿ ಬರುವುದಿಲ್ಲವಲ್ಲ.

2008ರ ನವೆಂಬರಿನಲ್ಲಿ 108 ಬಂದಾಗಲೂ, ಫೋನು ಮಾಡಿದರೆ ಆಂಬುಲೆನ್ಸು ಬಾಗಿಲಿಗೆ ಬರುತ್ತದೆಯೇ ಎಂದು ನಾವು ನಂಬಿರಲಿಲ್ಲ. ಈಗ ಸ್ಕೂಲಿಗೆ ಹೋಗುವ ಮಕ್ಕಳಿಗೂ ಆ ನಂಬರ್ ಗೊತ್ತು. ಬಿದ್ದು ಪೆಟ್ಟಾದವರಿಗೆ, ಹೆರಿಗೆ ನೋವು ಬಂದವರಿಗೆ ಅದನ್ನು ಮಾಡಿದ್ದು. ಬಾಗಿಲು ಹಾಕಿಕೊಂಡು ಒಳಗೆ ಸುಮ್ಮನೆ ಕೂತವರಿಗೂ ಅಂಥದೊಂದು ಗಾಡಿ ಬೇಕು ಎನ್ನುವುದು ನಮಗೆ ಇನ್ನೂ ಹೊಳೆದಿಲ್ಲ. ಹೊರಗಿನ ದೇಶಗಳಿಗೆ ಹೊಳೆದಿದೆ. ಅಮೆರಿಕದಲ್ಲಿ 2022ರ ಜುಲೈನಿಂದ 988 ಎಂಬ ನಂಬರ್ ಇದೆ. ಅದಕ್ಕೆ ದಾರಿ ಮಾಡಿದ 2020ರ ಕಾನೂನು, ಖರ್ಚಿಗೆ ಬೇಕಾದರೆ ರಾಜ್ಯಗಳು ಫೋನಿನ ಬಿಲ್ಲಿಗೆ ಸಣ್ಣ ಶುಲ್ಕ ಸೇರಿಸಿಕೊಳ್ಳಬಹುದು ಎಂದಿತು. ಕೆಲವು ರಾಜ್ಯಗಳು ಹಾಗೆಯೇ ಮಾಡಿ ಆ ಹಣದಲ್ಲಿ ಮನೆಗೆ ಹೋಗುವ ತಂಡಗಳನ್ನೂ ಸಾಕುತ್ತಿವೆ.

ಹಾಗಾದರೆ ಅಷ್ಟೊಂದು ಮನೋವೈದ್ಯರನ್ನು ಎಲ್ಲಿಂದ ತರುವುದು ಎಂದು ನೀವು ಕೇಳುತ್ತೀರಿ. ತರಬೇಕಾಗಿಲ್ಲ. 1953ರಲ್ಲಿ ಲಂಡನ್ನಿನ ಒಂದು ಚರ್ಚಿನಲ್ಲಿ ಚಾಡ್ ವರಾ ಎಂಬ ಪಾದ್ರಿ ಇಂಥ ಮೊದಲ ಫೋನನ್ನು ಇಟ್ಟಾಗ, ಬಂದವರನ್ನು ತಾವೇ ಮಾತಾಡಿಸಬೇಕೆಂದುಕೊಂಡಿದ್ದರು. ಸರದಿಗೆ ಕಾಯುತ್ತಿದ್ದವರಿಗೆ ಟೀ ಕೊಟ್ಟು ಜೊತೆಗೆ ಕೂರಲು ಸ್ವಯಂಸೇವಕರು ಇದ್ದರು. ಬಹಳ ಜನರಿಗೆ ಆ ಟೀ ಕೊಟ್ಟವರ ಜೊತೆ ಆಡಿದ ಮಾತೇ ಸಾಕಾಗುತ್ತಿತ್ತು, ಪಾದ್ರಿಯ ಕೋಣೆಗೆ ಹೋಗದೆಯೇ ಹಗುರಾಗಿ ಮನೆಗೆ ಹೋಗುತ್ತಿದ್ದರು. ಕೆಲವೇ ತಿಂಗಳಲ್ಲಿ ಅವರು ಫೋನನ್ನು ಆ ಸ್ವಯಂಸೇವಕರ ಕೈಗೇ ಕೊಟ್ಟರು. ಸಮಾರಿಟನ್ಸ್ ಸಂಸ್ಥೆ ಬೆಳೆದದ್ದು ಹಾಗೆ. ನಮ್ಮಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ. ಸಮಾಜಕಾರ್ಯ ಓದಿ ಕೆಲಸ ಹುಡುಕಿ ಬೆಂಗಳೂರಿಗೆ ಹೋದ ನಮ್ಮದೇ ಹುಡುಗ ಹುಡುಗಿಯರಿದ್ದಾರೆ. ಕಲಿಸಲು ನಿಮ್ಹಾನ್ಸ್ ಇದೆ. ಇಲ್ಲದಿರುವುದು ಸಂಬಳ, ರಾತ್ರಿ ಪಾಳಿಯ ಭತ್ಯೆ, ಗಾಡಿ, ಡೀಸೆಲ್ಲು.

ನಾನು ಕೇಳುವುದು ಇದು. ಮಲೆನಾಡಿನ ಒಂದೊಂದು ತಾಲ್ಲೂಕಿಗೂ, ಮೊದಲು ಮೂಡಿಗೆರೆಗೆ ಮತ್ತು ಕಳಸಕ್ಕೆ, ಒಂದು ರಾತ್ರಿ ತಂಡ ಕೊಡಿಸಿ. ಪಾಳಿಯಲ್ಲಿ ಕೆಲಸ ಮಾಡುವ ಐದಾರು ಜನ, ಅದರಲ್ಲಿ ಹೆಂಗಸರು ಇರಲೇಬೇಕು, ಒಂದು ಜೀಪು. 14416ಕ್ಕೆ ನಮ್ಮ ತಾಲ್ಲೂಕಿನಿಂದ ಹೋದ ಕರೆ ಅಪಾಯದ್ದು ಅನ್ನಿಸಿದರೆ, ಕರೆ ಮಾಡಿದವರು ಒಪ್ಪಿದರೆ, ಆ ಕರೆ ಈ ತಂಡಕ್ಕೆ ದಾಟಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಎರಡು ಹಾಸಿಗೆಯ ಒಂದು ಕೋಣೆ ಬೇಕು, ಮಂಗಳವಾರದವರೆಗೆ ಕಾಯಬೇಕಾದವರು ಮನೆಯವರ ಜೊತೆ ಅಲ್ಲಿ ಉಳಿಯುವಂತಿರಬೇಕು. ಆ ಹೊತ್ತಿಗೆ ಜಿಲ್ಲೆಯ ಮನೋವೈದ್ಯರನ್ನು ಫೋನಿನಲ್ಲಿ ಕೇಳುವ ಅಧಿಕಾರ ರಾತ್ರಿ ಡ್ಯೂಟಿ ಡಾಕ್ಟರಿಗೆ ಇರಬೇಕು.

ಜೀಪಿಗೆ ನಿಮ್ಮ ಕ್ಷೇತ್ರಾಭಿವೃದ್ಧಿ ನಿಧಿ ಇದೆ, ವರ್ಷಕ್ಕೆ ಒಬ್ಬೊಬ್ಬರಿಗೆ ಎರಡು ಕೋಟಿ. ಸಂಬಳವನ್ನು ಆ ನಿಧಿಯಿಂದ ಕೊಡಲು ಬರುವುದಿಲ್ಲ, ಅದಕ್ಕೇ ಬಜೆಟ್ಟಿನಲ್ಲಿ ಪ್ರತ್ಯೇಕ ಶೀರ್ಷಿಕೆ ಬೇಕು ಎಂದು ಕೇಳುತ್ತಿರುವುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಕೇಂದ್ರ ನಿಗದಿ ಮಾಡಿದ ಗರಿಷ್ಠ ನೆರವು ಒಂದು ಜಿಲ್ಲೆಗೆ ವರ್ಷಕ್ಕೆ 83.2 ಲಕ್ಷ. ಡಾಕ್ಟರು, ಮನಶ್ಶಾಸ್ತ್ರಜ್ಞರು, ದಾದಿ, ಮಾತ್ರೆ, ಪ್ರಚಾರ, ತರಬೇತಿ ಎಲ್ಲ ಅದರಲ್ಲೇ ಆಗಬೇಕು. ಬಯಲಿನ ಜಿಲ್ಲೆಗೂ ಅಷ್ಟೇ, ಗುಡ್ಡಗಾಡಿನ ಜಿಲ್ಲೆಗೂ ಅಷ್ಟೇ. ಬಯಲಿನಲ್ಲಿ ಅರ್ಧ ಗಂಟೆಗೆ ತಲುಪುವ ದೂರ ಇಲ್ಲಿ ಮಳೆಯಲ್ಲಿ ಎರಡು ಗಂಟೆ. ಗುಡ್ಡಗಾಡಿಗೆ ಬೇರೆ ಲೆಕ್ಕ ಬೇಕು ಎಂದು ರಸ್ತೆಗೆ, ಸೇತುವೆಗೆ ನೀವೇ ವಾದ ಮಾಡಿದ್ದೀರಿ. ಇದಕ್ಕೂ ಮಾಡಿ. ಯೋಜನೆ ಮುಗಿಯಿತು, ಅನುದಾನ ಮುಗಿಯಿತು ಎಂದು ಎರಡನೆಯ ವರ್ಷ ಮನೆಗೆ ಕಳಿಸುವ ಹಾಗೆ ಹುಡುಗರನ್ನು ನೇಮಿಸಿಕೊಳ್ಳಬೇಡಿ. ಒಂದು ಸಲ ಬಾಗಿಲು ತೆಗೆದವನು ಎರಡನೆಯ ಸಲ ಅದೇ ಮುಖವನ್ನು ನೋಡಬೇಕು.

ಟವರಿನ ಮಾತು ನನ್ನ ಕಸುಬಿನದು, ಅದನ್ನು ಬಿಡಲಾರೆ. ಕರೆಂಟು ಹೋದ ಕೆಲವು ಗಂಟೆಯಲ್ಲಿ ನಮ್ಮ ಗುಡ್ಡದ ಟವರುಗಳು ಒಂದೊಂದೇ ಕಣ್ಣು ಮುಚ್ಚುತ್ತವೆ. ಬ್ಯಾಟರಿ ಬದಲಿಸಿದರೆ, ಡೀಸೆಲ್ಲು ಇಟ್ಟರೆ ಆಗುವ ಕೆಲಸ. ಮಳೆಗಾಲದ ಮೂರು ತಿಂಗಳಾದರೂ ಟವರು ನಿಲ್ಲಬಾರದು ಎಂದು ಜಿಲ್ಲಾಡಳಿತ ಕಂಪನಿಗಳನ್ನು ಕೂರಿಸಿ ಹೇಳಲಿ, ದುಡ್ಡು ಕಡಿಮೆ ಬಿದ್ದರೆ ವಿಪತ್ತಿನ ನಿಧಿಯಿಂದ ಸೇರಿಸಲಿ. ಅಲ್ಲಿಯವರೆಗೆ ಒಂದೊಂದು ಊರಿನಲ್ಲಿ ಸಿಗ್ನಲ್ ಸಿಗುವ ಜಾಗ ಯಾವುದು ಎನ್ನುವುದನ್ನಾದರೂ ಪಂಚಾಯಿತಿ ಗುರುತು ಮಾಡಲಿ, ಅಲ್ಲೊಂದು ಸೋಲಾರ್ ದೀಪ, ಒಂದು ತಗಡಿನ ಮಾಡು, ಒಂದು ಬೋರ್ಡು ಹಾಕಲಿ.

ಬೋರ್ಡು ಅಂದಾಗ ಲೈನ್ ಮನೆಗಳ ಮಾತು. ನನ್ನ ಮನೆಯ ಹಿಂದಿನ ತೋಟದಲ್ಲಿ ಕುಯ್ಲಿಗೆ ಬಂದ ಅಸ್ಸಾಮಿನ ಒಬ್ಬ ಹುಡುಗ, ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು, ಎರಡು ವಾರ ಕೆಲಸಕ್ಕೆ ಏಳದೆ ಮಲಗೇ ಇದ್ದ. ಮೇಸ್ತ್ರಿ ಸೋಮಾರಿ ಅಂದ. ಜೊತೆಯವರು ದೆವ್ವ ಅಂದರು. ಅವನಿಗೆ ಕನ್ನಡ ಬಾರದು, ನನಗೆ ಅವನ ಮಾತು ಬಾರದು. ಅವನ ಫೋನಿನಿಂದಲೇ 14416 ಹಚ್ಚಿ, ಅವನ ಭಾಷೆಯವರನ್ನು ಕೊಡಿಸಿಕೊಂಡು ಕೈಗಿತ್ತೆ. ಮುಕ್ಕಾಲು ಗಂಟೆ ಮಾತಾಡಿದ. ಊರಿನಲ್ಲಿ ಅವನ ಅಮ್ಮ ತೀರಿಹೋಗಿ ತಿಂಗಳಾಗಿತ್ತಂತೆ, ಹೋಗಲು ರೈಲಿನ ದುಡ್ಡಿರಲಿಲ್ಲ. ಆ ಲೈನಿನಲ್ಲಿ ಮೂವತ್ತು ಜನರಿದ್ದರೂ ಯಾರಿಗೂ ಆ ನಂಬರ್ ಗೊತ್ತಿರಲಿಲ್ಲ. ಕನ್ನಡದ ಜೊತೆಗೆ ಅಸ್ಸಾಮಿ, ಬಂಗಾಳಿ, ಹಿಂದಿ, ತಮಿಳಿನಲ್ಲಿ ಬರೆದ ಒಂದು ತಗಡು ಪ್ರತಿ ಲೈನಿನ ನಲ್ಲಿಯ ಹತ್ತಿರ ಇರಲಿ. ಕಾರ್ಮಿಕ ಇಲಾಖೆ ಒಂದು ಸುತ್ತೋಲೆ ಕಳಿಸಿದರೆ ಬೆಳೆಗಾರರು ಇಲ್ಲ ಅನ್ನುವವರಲ್ಲ.

ಇನ್ನೊಂದು ಹೆದರಿಕೆ ನಮ್ಮ ಜನರಲ್ಲಿ ಬೇರೂರಿದೆ: ಹೇಳಿದರೆ ಪೊಲೀಸ್ ಕೇಸಾಗುತ್ತದೆ ಎಂದು. ಅವತ್ತು ನಾನು ಗುಡ್ಡ ಹತ್ತುವ ಮುಂಚೆ ನಮ್ಮ ಅಕ್ಕನೂ ಕೇಳಿದ್ದು ಅದನ್ನೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಜೀವ ಕಳೆದುಕೊಳ್ಳಲು ಹೋದವರು ತೀವ್ರ ಒತ್ತಡದಲ್ಲಿದ್ದರು ಎಂದೇ ತಿಳಿಯಬೇಕು, ಶಿಕ್ಷಿಸಬಾರದು, ಅವರ ಆರೈಕೆ ಸರ್ಕಾರದ ಹೊಣೆ ಎಂದು ಅದರ 115ನೇ ಕಲಂ ಹೇಳುತ್ತದೆ. ಇಂಥ ಸಾವು ತಡೆಯುವ ಕಾರ್ಯಕ್ರಮ ರೂಪಿಸಿ ನಡೆಸಬೇಕು ಎಂದು 29ನೇ ಕಲಂ ಸರ್ಕಾರಕ್ಕೇ ಹೇಳುತ್ತದೆ. ಹಳೆಯ ದಂಡ ಸಂಹಿತೆಯ 309ನೇ ಕಲಂ 2024ರ ಜುಲೈ 1ರಂದು ಬಂದ ಹೊಸ ಸಂಹಿತೆಯಲ್ಲಿ ಇಲ್ಲ. ಇದನ್ನು ನಿಮ್ಮ ಬಾಯಿಂದ ಹೇಳಿ. ನೀವು ಹೋಗುವ ಮದುವೆ, ಜಾತ್ರೆ, ಸಂಘದ ವಾರ್ಷಿಕೋತ್ಸವ ಎಷ್ಟಿಲ್ಲ! ರಸ್ತೆ, ನೀರಿನ ಮಾತು ಮುಗಿದ ಮೇಲೆ ಎರಡು ನಿಮಿಷ ಇದನ್ನು ಹೇಳಿ. ಮಂಡೆ ಸರಿ ಇಲ್ಲ ಎಂದು ಜನ ಆಡಿಕೊಳ್ಳುವ ಊರಿನಲ್ಲಿ ಶಾಸಕರೇ ನಿಂತು ಇದೊಂದು ಕಾಯಿಲೆ, ಇದಕ್ಕೆ ಮದ್ದಿದೆ ಅಂದರೆ ಅದರ ತೂಕವೇ ಬೇರೆ.

ಈ ಕಾಗದ ಓದುತ್ತಿರುವ ಬೇರೆ ಯಾರಿಗಾದರೂ ಇವತ್ತು ರಾತ್ರಿ ಕಳೆಯುವುದೇ ಕಷ್ಟ ಅನ್ನಿಸಿದ್ದರೆ, ಶಾಸಕರಿಗಾಗಿ ಕಾಯಬೇಡಿ. 14416ಕ್ಕೆ ಮಾಡಿ. ಮನೆಯಲ್ಲಿ ಯಾರನ್ನಾದರೂ ಎಬ್ಬಿಸಿ. ಔಷಧಿ ಕೋಣೆಯ ಕೀ ಅವರ ಕೈಗೆ ಕೊಡಿ.

ಮಾನ್ಯ ಶಾಸಕರೇ, ನಿಮ್ಮಲ್ಲಿ ಒಬ್ಬರಾದರೂ ಬಜೆಟ್ಟಿಗೆ ಮುಂಚೆ ಒಂದು ಸಂಜೆ ಅಕ್ಕನ ಮನೆಗೆ ಬರಬೇಕು ಎಂದು ಕೇಳಿಕೊಳ್ಳುತ್ತೇನೆ. ಕೊನೆಯ ಒಂದೂವರೆ ಕಿಲೋಮೀಟರು ಜೀಪು ಮಾತ್ರ ಹೋಗುತ್ತದೆ. ಕತ್ತಲಾದ ಮೇಲೆ ಸಿಗ್ನಲ್ ಕಲ್ಲಿಗೆ ನಾನೇ ಕರೆದುಕೊಂಡು ಹೋಗುತ್ತೇನೆ, ಟಾರ್ಚು ಇದೆ, ಇಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಇದೆ. ನಿಮ್ಮ ಫೋನಿನಿಂದ ಒಂದು ಕರೆ ಮಾಡಿ ನೋಡುವಿರಂತೆ. ಇಳಿದು ಬರುವಾಗ ಅಕ್ಕ ಕಡುಬು ಬೇಯಿಸಿಟ್ಟಿರುತ್ತಾಳೆ. ಭಾವ ಜಗಲಿಯಲ್ಲೇ ಕೂತಿರುತ್ತಾರೆ, ಅವರನ್ನೂ ಮಾತಾಡಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಲೈನ್‌ಮನ್
ಮೂಡಿಗೆರೆ